ಮೂರಂಕಿ ಲಾಟರಿಯಲ್ಲಿ ನಾನು ನಂಬರ್ ಆರಿಸುವುದು ಹೇಗೆ?

ನ್ಯೂಜೆರ್ಸಿಯಲ್ಲಿ ಪಿಕ್-3 ಆಡಲು ಶುರುಮಾಡಿ ಬಹಳ ವರ್ಷಗಳಾದವು. ಯಾವ ನಂಬರ್ ಬರುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ನನ್ನ ಹತ್ತಿರ ಇಲ್ಲ. ಯಾರ ಹತ್ತಿರವೂ ಇಲ್ಲ. ಆದರೂ ನಾನು ಕಣ್ಣುಮುಚ್ಚಿ ಹಾಕುವುದಿಲ್ಲ. ನಾನು ನೋಡುವುದು ಒಂದೇ ವಿಷಯ: ಈ ನಂಬರ್ ಬಂದರೆ ದುಡ್ಡನ್ನು ಎಷ್ಟು ಜನರ ಜೊತೆ ಹಂಚಿಕೊಳ್ಳಬೇಕು? ಈ ಆಟದಲ್ಲಿ ತಲೆ ಓಡಿಸಲು ಇರುವ ಜಾಗ ಅದೊಂದೇ.

ಗೊತ್ತಿಲ್ಲದವರಿಗಾಗಿ ಆಟದ ಬಗ್ಗೆ ಸ್ವಲ್ಪ ಹೇಳುತ್ತೇನೆ. 000ದಿಂದ 999ರವರೆಗೆ ಒಂದು ನಂಬರ್ ಆರಿಸಬೇಕು. ಮಧ್ಯಾಹ್ನ ಒಂದು ಡ್ರಾ, ರಾತ್ರಿ ಒಂದು ಡ್ರಾ. ಅರ್ಧ ಡಾಲರ್ ಅಥವಾ ಒಂದು ಡಾಲರ್ ಕಟ್ಟಬಹುದು. ಅಂಕಿಗಳು ಅದೇ ಸಾಲಿನಲ್ಲಿ ಬಂದರೆ ಮಾತ್ರ ದುಡ್ಡು ಅನ್ನುವುದಕ್ಕೆ 'ಸ್ಟ್ರೈಟ್' ಎನ್ನುತ್ತಾರೆ. ಹಿಂದುಮುಂದಾಗಿ ಬಂದರೂ ನಡೆಯುತ್ತದೆ ಅನ್ನುವುದು 'ಬಾಕ್ಸ್'. ಸ್ಟ್ರೈಟ್ ಹೊಡೆಯುವ ಸಾಧ್ಯತೆ ಸಾವಿರಕ್ಕೆ ಒಂದು. ಮೂರೂ ಅಂಕಿ ಬೇರೆಬೇರೆ ಇರುವ ಬಾಕ್ಸ್‌ಗೆ ಸಾವಿರಕ್ಕೆ ಆರು. ಆದರೆ ಬಾಕ್ಸ್‌ನ ಬಹುಮಾನವೂ ಸುಮಾರು ಆರರಲ್ಲಿ ಒಂದು ಪಾಲು. ಹಾಗಾಗಿ ಬಾಕ್ಸ್ ಹಾಕಿದರೆ ಲಾಭ ಜಾಸ್ತಿ ಅನ್ನುವ ಮಾತಿನಲ್ಲಿ ಹುರುಳಿಲ್ಲ. ಆಗಾಗ ಸಣ್ಣ ದುಡ್ಡು ಬೇಕೋ, ಅಪರೂಪಕ್ಕೆ ದೊಡ್ಡದು ಬೇಕೋ, ಅಷ್ಟೇ ವ್ಯತ್ಯಾಸ.

ಪಕ್ಕದ ನ್ಯೂಯಾರ್ಕಿನಲ್ಲೂ ಪೆನ್ಸಿಲ್ವೇನಿಯಾದಲ್ಲೂ ಇಂಥದೇ ಆಟ ಇದೆ. ಅಲ್ಲಿ ಒಂದು ಡಾಲರ್ ಸ್ಟ್ರೈಟ್‌ಗೆ 500 ಡಾಲರ್ ಎಂದು ಮೊದಲೇ ನಿಗದಿ. ಒಬ್ಬ ಗೆದ್ದರೂ ಅಷ್ಟೇ, ಐದು ಸಾವಿರ ಜನ ಗೆದ್ದರೂ ಅಷ್ಟೇ. ಅಲ್ಲಿ ಯಾವ ನಂಬರ್ ಹಾಕಿದರೂ ಒಂದೇ ಲೆಕ್ಕ. ನ್ಯೂಜೆರ್ಸಿಯಲ್ಲಿ ಹಾಗಲ್ಲ. ಜನ ಕಟ್ಟಿದ ಹಣದಲ್ಲಿ ಅರ್ಧದಷ್ಟು ಬಹುಮಾನಕ್ಕೆ ಹೋಗುತ್ತದೆ, ಅದನ್ನು ಗೆದ್ದವರು ಹಂಚಿಕೊಳ್ಳಬೇಕು. ಬೆಂಗಳೂರು ರೇಸ್‌ಕೋರ್ಸಿನ ಟೋಟ್ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಎಲ್ಲರೂ ದುಡ್ಡು ಕಟ್ಟಿದ ಕುದುರೆ ಗೆದ್ದರೆ ಕೈಗೆ ಬರುವುದು ಚಿಲ್ಲರೆ. ಯಾರೂ ನೋಡದ ಕುದುರೆ ಗೆದ್ದರೆ ಮಾತೇ ಬೇರೆ.

ಮೊದಲು ಜನ ಸಾಮಾನ್ಯವಾಗಿ ನಂಬುವ ಲೆಕ್ಕಗಳ ವಿಷಯ ಮುಗಿಸಿಬಿಡುತ್ತೇನೆ.

ನಾನು ಹುಬ್ಬಳ್ಳಿಯವನು. ನಮ್ಮ ಕಡೆ ಮಟ್ಕಾ ಆಡುವವರು 'ಕಟ್' ಲೆಕ್ಕ ಹಾಕುತ್ತಿದ್ದರು. ಒಂದರ ಕಟ್ ಆರು, ಎರಡರದ್ದು ಏಳು, ಮೂರರದ್ದು ಎಂಟು, ನಾಲ್ಕರದ್ದು ಒಂಬತ್ತು, ಸೊನ್ನೆಯದ್ದು ಐದು. ನಿನ್ನೆ 2 ಬಂದಿದ್ದರೆ ಇವತ್ತು 7ರ ಮೇಲೆ ಕಣ್ಣು. ಅಮೆರಿಕಕ್ಕೆ ಬಂದ ಮೇಲೆ ಪಿಕ್-3 ಆಡುವವರ ಬಾಯಲ್ಲಿ 'ಮಿರರ್ ನಂಬರ್' ಎಂದು ಕೇಳಿದೆ. ಬಿಡಿಸಿ ನೋಡಿದರೆ ಅದೇ ಜೋಡಿಗಳು: 1-6, 2-7, 3-8, 4-9, 0-5. ಒಂದಂಕಿಯೂ ಆಚೀಚೆ ಇಲ್ಲ! ಇದರ ಜೊತೆಗೆ 'ರನ್‌ಡೌನ್' ಎಂದು ಇನ್ನೊಂದಿದೆ. ನಿನ್ನೆಯ ನಂಬರಿಗೆ 123 ಅಥವಾ 317 ಕೂಡಿಸುತ್ತಾ ಕೆಳಗೆ ಬರೆಯುತ್ತಾ ಹೋಗುವುದು. ಈ ಲೆಕ್ಕ ಹಾಕಿದ ನೋಟ್‌ಪುಸ್ತಕಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಹಳ ಶ್ರದ್ಧೆಯಿಂದ, ಚಂದದ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಡ್ರಾಗೆ ನಿನ್ನೆ ಏನು ಬಂತು ಅನ್ನುವ ನೆನಪಿರುವುದಿಲ್ಲ. ಕೂಡಿದರೂ ಕಳೆದರೂ ಸಿಗುವುದು ಸಾವಿರದಲ್ಲಿ ಒಂದು ನಂಬರ್.

ಇದಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಎಂದರೆ 'ಬಾಕಿ ನಂಬರ್'. ಬಹಳ ದಿನದಿಂದ ಬಂದಿಲ್ಲ, ಇನ್ನೇನು ಬಂದೇ ಬರುತ್ತದೆ ಅನ್ನುವುದು. ಇದನ್ನು ಲೆಕ್ಕ ಮಾಡಿ ನೋಡುವುದು ಸುಲಭ. ದಿನಕ್ಕೆ ಎರಡು ಡ್ರಾ ಎಂದರೆ ವರ್ಷಕ್ಕೆ 730. ನಾಲ್ಕು ವರ್ಷಕ್ಕೆ ಮೂರು ಸಾವಿರದ ಹತ್ತಿರ. ಅಷ್ಟಾದ ಮೇಲೂ ಸಾವಿರ ನಂಬರ್‌ಗಳಲ್ಲಿ ಸುಮಾರು ಐವತ್ತು ಒಮ್ಮೆಯೂ ಬಂದಿರುವುದಿಲ್ಲ. ಅದು ಮೋಸವಲ್ಲ, ಯಂತ್ರದ ದೋಷವೂ ಅಲ್ಲ. ಯಾವ ಗೊತ್ತುಗುರಿಯೂ ಇಲ್ಲದೆ ಬೀಳುವ ಅಂಕಿಗಳ ಸ್ವಭಾವವೇ ಹಾಗೆ. ಆ ಐವತ್ತರಲ್ಲಿ ಒಂದನ್ನು ಹಿಡಿದು ಕೂತವರಿಗೆ ನಾಳೆಯ ಸಾಧ್ಯತೆ ಮತ್ತೆ ಸಾವಿರಕ್ಕೆ ಒಂದೇ.

ಇನ್ನೊಂದು ಕಡೆ, ಒಂದು ನಂಬರ್ ಬೇಗನೆ ಎರಡನೇ ಸಲ ಬಂದರೆ ಜನ ಬೆಚ್ಚಿಬೀಳುತ್ತಾರೆ. 38 ಡ್ರಾ ಸಾಕು, ಅಂದರೆ ಮೂರು ವಾರಕ್ಕಿಂತ ಕಡಿಮೆ. ಅಷ್ಟರಲ್ಲಿ ಯಾವುದಾದರೂ ಒಂದು ನಂಬರ್ ಎರಡು ಸಲ ಬಂದಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ.

ಈಗ ನನ್ನ ದಾರಿಗೆ ಬರುತ್ತೇನೆ.

ನ್ಯೂಜೆರ್ಸಿ ಈ ಆಟವನ್ನು 1975ರ ಮೇ ತಿಂಗಳಲ್ಲಿ 'ಪಿಕ್-ಇಟ್' ಎಂಬ ಹೆಸರಿನಲ್ಲಿ ಶುರುಮಾಡಿತು. ಮೊದಲ 254 ಡ್ರಾಗಳ ಗೆದ್ದ ನಂಬರ್ ಮತ್ತು ಅರ್ಧ ಡಾಲರ್ ಚೀಟಿಗೆ ಸಿಕ್ಕ ಬಹುಮಾನ, ಎರಡೂ ಇರುವ ಪಟ್ಟಿ ಸಂಖ್ಯಾಶಾಸ್ತ್ರ ಕಲಿಯುವವರಲ್ಲಿ ಬಹಳ ಪ್ರಸಿದ್ಧ. ಇದೇ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ 'ಎಸ್' ಎಂಬ ಕಂಪ್ಯೂಟರ್ ಭಾಷೆ ಹುಟ್ಟಿತು. ಅದನ್ನು ಕಲಿಸಲು ಈ ಪಟ್ಟಿಯನ್ನು ಉದಾಹರಣೆಯಾಗಿ ಬಳಸುತ್ತಿದ್ದರು. ನಾನು ಕೆಲಸದ ನಿಮಿತ್ತ, ಅದರಿಂದಲೇ ಬೆಳೆದ 'ಆರ್' ಎಂಬ ಭಾಷೆ ಕಲಿಯುವಾಗ ಈ ಪಟ್ಟಿ ಕಣ್ಣಿಗೆ ಬಿತ್ತು. ಅಡ್ಡಕ್ಕೆ 0ಯಿಂದ 999, ಮೇಲಕ್ಕೆ ಬಹುಮಾನ, ಹೀಗೆ ಚುಕ್ಕಿ ಇಡುತ್ತಾ ಹೋದೆ. ನಡುವೆ ಎಲ್ಲ ಗುಂಪುಗುಂಪು. ಎಡತುದಿಯಲ್ಲಿ, ಅಂದರೆ ಸೊನ್ನೆಯಿಂದ ಶುರುವಾಗುವ ನಂಬರ್‌ಗಳ ಜಾಗದಲ್ಲಿ, ಚುಕ್ಕಿಗಳೆಲ್ಲ ಮೇಲಕ್ಕೆ ಎದ್ದು ನಿಂತಿದ್ದವು. ಗುಂಪನ್ನು ಬಿಟ್ಟು ಒಂಟಿಯಾಗಿ ಮೇಲೆ ನಿಂತ ಚುಕ್ಕಿಗಳಲ್ಲಿ ಹೆಚ್ಚಿನವು ಒಂದೇ ಅಂಕಿ ಎರಡು ಸಲ ಇರುವ ನಂಬರ್‌ಗಳು. ಬಹುಮಾನದ ಸರಾಸರಿ 290 ಡಾಲರ್ ಆಸುಪಾಸು. ಅತಿ ಕಡಿಮೆ 83, ಅತಿ ಹೆಚ್ಚು 869.50. ಎಲ್ಲ ನಂಬರ್‌ಗಳಿಗೂ ಬರುವ ಸಾಧ್ಯತೆ ಒಂದೇ ಆಗಿದ್ದರೂ ಕೈಗೆ ಸಿಗುವ ದುಡ್ಡಿನಲ್ಲಿ ಹತ್ತು ಪಟ್ಟು ಅಂತರ!

ಯಾಕೆ ಹೀಗೆ? ಜನ ನಂಬರ್ ಆರಿಸುವ ರೀತಿಯನ್ನು ನೋಡಿದರೆ ಅರ್ಥವಾಗುತ್ತದೆ. ಅಮೆರಿಕದಲ್ಲಿ ತಾರೀಕು ಬರೆಯುವಾಗ ತಿಂಗಳು ಮೊದಲು. ಏಪ್ರಿಲ್ 15 ಎಂದರೆ 415. ಜನವರಿಯಿಂದ ಸೆಪ್ಟೆಂಬರ್‌ವರೆಗಿನ ತಾರೀಕುಗಳೆಲ್ಲ ಮೂರಂಕಿಯಲ್ಲಿ ಕೂರುತ್ತವೆ, ಒಟ್ಟು 274. ಹುಟ್ಟಿದ ದಿನ, ಮದುವೆಯ ದಿನ, ಮಗಳ ದಿನ ಎಲ್ಲ ಅಲ್ಲೇ ಇವೆ. ಇನ್ನು ಫೋನಿನ ಏರಿಯಾ ಕೋಡ್: 732, 908, 973, 201. ಅವು ಯಾವತ್ತೂ ಸೊನ್ನೆ ಅಥವಾ ಒಂದರಿಂದ ಶುರುವಾಗುವುದಿಲ್ಲ. ಕಾರಿನ ನಂಬರ್ ಪ್ಲೇಟು, ಮನೆ ನಂಬರ್, ಕನಸಿನಲ್ಲಿ ಕಂಡದ್ದು, ಇವುಗಳಲ್ಲೂ ಸೊನ್ನೆಯಿಂದ ಶುರುವಾಗುವುದು ಅಪರೂಪ. ಸೊನ್ನೆ ಮುಂದಿದ್ದರೆ ಅದು ನಂಬರ್ ಅಂತಲೇ ಅನಿಸುವುದಿಲ್ಲ ಅಲ್ವಾ?

ಹಾಗಾಗಿ ನನ್ನ ಮೊದಲ ಸೋಸು: ಮುಂದೆ ಸೊನ್ನೆ, ಕೊನೆಯ ಎರಡು ಅಂಕಿ 31ಕ್ಕಿಂತ ಮೇಲೆ, ಸಾಧ್ಯವಾದರೆ ಒಂದು ಅಂಕಿ ಎರಡು ಸಲ. 044, 066, 088, 090, 070, ಇಂಥವು. 007 ನಾನು ಮುಟ್ಟುವುದಿಲ್ಲ, ಕಾರಣ ಹೇಳಬೇಕಿಲ್ಲ. 777, 333 ತರಹದ ಮೂರೂ ಒಂದೇ ಅಂಕಿಯವು ಬೇಡ. ಅವುಗಳ ಮೇಲೆ ಜನರ ಪ್ರೀತಿ ಅಪಾರ. 123, 911 ಕೂಡ ಬೇಡ.

ಎರಡನೇ ಸೋಸು ನನಗೆ ಇನ್ನೂ ಇಷ್ಟ. ಒಂದು ನಂಬರ್ ಗೆದ್ದ ಕೂಡಲೇ ಜನ ಅದನ್ನು ಬಿಟ್ಟುಬಿಡುತ್ತಾರೆ. "ಮೊನ್ನೆ ತಾನೆ ಬಂತಲ್ಲ, ಮತ್ತೆಲ್ಲಿ ಬರುತ್ತೆ" ಎಂಬ ಮಾತು ಅಂಗಡಿಯ ಕೌಂಟರಿನಲ್ಲಿ ದಿನಾ ಕೇಳಬಹುದು. ಮೇರಿಲ್ಯಾಂಡ್ ಲಾಟರಿಯ ಲೆಕ್ಕ ನೋಡಿದ ಕ್ಲಾಟ್‌ಫೆಲ್ಟರ್ ಮತ್ತು ಕುಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು 1993ರಲ್ಲಿ ತೋರಿಸಿದರು. ಗೆದ್ದ ನಂಬರಿನ ಮೇಲೆ ಹಾಕುವ ದುಡ್ಡು ಒಮ್ಮೆಲೇ ಇಳಿಯುತ್ತದೆ. ಮೊದಲಿನ ಮಟ್ಟಕ್ಕೆ ಬರಲು ಸುಮಾರು ಮೂರು ತಿಂಗಳು ಬೇಕು. ಮರುವರ್ಷ ಡೆಕ್ ಟೆರೆಲ್ ಎಂಬವರು ನಮ್ಮ ನ್ಯೂಜೆರ್ಸಿಯ ಲೆಕ್ಕವನ್ನೇ ತೆಗೆದು ನೋಡಿದರು. ಎಂಟು ವಾರದಲ್ಲಿ ಬಂದಿರದ ನಂಬರ್ ಗೆದ್ದಾಗ ಸರಾಸರಿ ಬಹುಮಾನ 260 ಡಾಲರ್. ಒಂದು ವಾರದೊಳಗೆ ಮರಳಿ ಬಂದ ನಂಬರಿಗೆ 349. ಹಾಗೆ ಮರಳಿ ಬಂದವು ಆ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟೇ. ಆದರೆ ಮೂರು ವಾರದೊಳಗೆ, ಎಂಟು ವಾರದೊಳಗೆ ಮರಳಿ ಬಂದವುಗಳ ಲೆಕ್ಕಗಳೂ ಅದೇ ದಿಕ್ಕಿಗೆ ಇವೆ, 300ರ ಮೇಲೇ ಇವೆ. ಆದ್ದರಿಂದ ನಾನು ಇದನ್ನು ನಂಬುತ್ತೇನೆ.

ಕೆಲಸ ಸರಳ. ಒಂದು ಎಕ್ಸೆಲ್ ಹಾಳೆ. ಕಳೆದ ಎರಡು ವಾರದ ಗೆದ್ದ ನಂಬರ್‌ಗಳು ಒಂದು ಸಾಲಿನಲ್ಲಿ, ಪಕ್ಕದಲ್ಲಿ ಅವತ್ತಿನ ಬಹುಮಾನ. ತಾರೀಕು, ಏರಿಯಾ ಕೋಡ್ ಆಗುವಂಥವನ್ನು ಹೊಡೆದುಹಾಕುತ್ತೇನೆ. ಉಳಿದವುಗಳಲ್ಲಿ ಬಹುಮಾನ ಮೊದಲೇ ಜಾಸ್ತಿ ಇದ್ದದ್ದನ್ನು ಆರಿಸುತ್ತೇನೆ, ಯಾಕೆಂದರೆ ಅವತ್ತೂ ಅದನ್ನು ಹಾಕಿದವರು ಕಡಿಮೆ ಇದ್ದರು. ಅಂಗಡಿಯಲ್ಲಿ ಸ್ಲಿಪ್ ತುಂಬುವಾಗ ಆ ಹಾಳೆ ಫೋನಿನಲ್ಲಿ ಇರುತ್ತದೆ.

ಜನ ಒಂದೇ ಕಡೆ ನುಗ್ಗಿದರೆ ಏನಾಗುತ್ತದೆ ಎನ್ನುವುದಕ್ಕೆ 2001ರ ನವೆಂಬರ್ 12 ನೆನಪಿಗೆ ಬರುತ್ತದೆ. ಅವತ್ತು ಬೆಳಿಗ್ಗೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 587 ಸಂಖ್ಯೆಯ ವಿಮಾನ ಬಿತ್ತು. ಅವತ್ತೇ ನ್ಯೂಜೆರ್ಸಿ ಲಾಟರಿಯಲ್ಲಿ 587 ಬಂತು. ಸಾವಿರಾರು ಜನ ಅದನ್ನೇ ಹಾಕಿದ್ದರು, ಪಾಲು ತೀರಾ ಸಣ್ಣದಾಯಿತು. ಮರುವರ್ಷ ಸೆಪ್ಟೆಂಬರ್ 11ರ ರಾತ್ರಿ ನ್ಯೂಯಾರ್ಕಿನಲ್ಲಿ 911 ಬಂದಾಗ ಐದು ಸಾವಿರಕ್ಕೂ ಹೆಚ್ಚು ಜನ ಗೆದ್ದರು. ಅಲ್ಲಿ ದರ ನಿಗದಿ ಇದ್ದದ್ದರಿಂದ ಎಲ್ಲರಿಗೂ ಪೂರ್ತಿ ಸಿಕ್ಕಿತು.

ಜನ ಜಾಸ್ತಿ ಹಾಕುವ ನಂಬರ್ ಯಾವುದು ಎಂದು ನೋಡುವ ಚಾಳಿ ಹೊಸದೂ ಅಲ್ಲ. ಸರ್ಕಾರಿ ಲಾಟರಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ 'ನಂಬರ್ಸ್' ಆಟದಲ್ಲಿ ರೇಸಿನ ದುಡ್ಡಿನ ಲೆಕ್ಕದಿಂದ ಮೂರಂಕಿ ತೆಗೆಯುತ್ತಿದ್ದರು. 1930ರ ದಶಕದಲ್ಲಿ ಡಚ್ ಶುಲ್ಟ್ಸ್ ಎಂಬ ಭೂಗತ ದೊರೆಯ ಕೈಕೆಳಗೆ ಓಟೋ ಬರ್ಮನ್ ಎಂಬ ಲೆಕ್ಕದ ನಿಪುಣ ಇದ್ದ. ಜನ ಜಾಸ್ತಿ ಹಾಕಿದ ನಂಬರ್ ಬರದಂತೆ, ಕೊನೇ ಗಳಿಗೆಯಲ್ಲಿ ರೇಸಿನಲ್ಲಿ ದುಡ್ಡು ಕಟ್ಟಿ ಲೆಕ್ಕವನ್ನೇ ಬದಲಿಸುತ್ತಿದ್ದ. ಈಗ ಹಾಗೆ ಮಾಡಲಾಗುವುದಿಲ್ಲ. ಆದರೆ ಸರ್ಕಾರಿ ಲಾಟರಿಯಲ್ಲೂ 1980ರ ಏಪ್ರಿಲ್ 24ರಂದು ಪೆನ್ಸಿಲ್ವೇನಿಯಾದಲ್ಲಿ ಮೋಸ ಮಾಡಿದವರಿದ್ದರು. 4 ಮತ್ತು 6 ಬಿಟ್ಟು ಉಳಿದ ಚೆಂಡುಗಳಿಗೆ ಬಣ್ಣ ಚುಚ್ಚಿ ಭಾರ ಮಾಡಿದರು, 666 ಬಂತು. ನಿರೂಪಕ ನಿಕ್ ಪೆರ್ರಿಯೂ ಸೇರಿ ಸಿಕ್ಕಿಬಿದ್ದರು. ಸಿಕ್ಕಿಬೀಳಲು ಒಂದು ಕಾರಣ, 4 ಮತ್ತು 6 ಇರುವ ಎಂಟು ನಂಬರ್‌ಗಳ ಮೇಲೆ ಮಾತ್ರ ರಾಶಿ ಚೀಟಿ ಕೊಂಡಿದ್ದದ್ದು.

ಇಷ್ಟೆಲ್ಲ ಮಾಡಿದರೆ ಲಾಭ ಬರುತ್ತದೆಯೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಇಲ್ಲ. ಲೆಕ್ಕ ಇಲ್ಲಿದೆ. ಒಂದೇ ನಂಬರ್ ಹಿಡಿದು ಎರಡೂ ಹೊತ್ತು ಅರ್ಧ ಡಾಲರ್ ಸ್ಟ್ರೈಟ್ ಹಾಕಿ. ಅದು ಬರಲು ಸರಾಸರಿ ಸಾವಿರ ಡ್ರಾ, ಅಂದರೆ ಐನೂರು ದಿನ. ಕಟ್ಟಿದ್ದು 500 ಡಾಲರ್. ಸಾಮಾನ್ಯ ನಂಬರ್ ಆಗಿದ್ದರೆ ಬರುವುದು 250ರಿಂದ 260. ನನ್ನ ತರಹ ಆರಿಸಿದರೆ, ಎಲ್ಲ ಅನುಕೂಲವಾದರೆ, 350. ನಷ್ಟ 250ರಿಂದ 150ಕ್ಕೆ ಇಳಿಯಿತು. ವರ್ಷವಿಡೀ ಆಡಿದರೂ ಒಮ್ಮೆ ಬರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನನ್ನ ಹಾಳೆಯೂ ಇದನ್ನೇ ಹೇಳುತ್ತದೆ: ಕಟ್ಟಿದ್ದು ಜಾಸ್ತಿ, ಬಂದದ್ದು ಕಡಿಮೆ. ನನಗೆ ಈ ಲೆಕ್ಕದಲ್ಲೇ ಖುಷಿ ಇದೆ, ಅದಕ್ಕೆ ತಿಂಗಳಿಗೆ ಇಷ್ಟು ಎಂದು ತೆಗೆದಿಟ್ಟಿದ್ದೇನೆ. ಅದು ಮುಗಿದರೆ ಮುಂದಿನ ತಿಂಗಳೇ. ಸೋತದ್ದನ್ನು ವಾಪಸ್ ತರಲು ಚೀಟಿಯ ಬೆಲೆ ಏರಿಸಬೇಡಿ, ದಯವಿಟ್ಟು. ಹಾಗೆ ಹೋಗಿ ಮನೆ ಬರಿದು ಮಾಡಿಕೊಂಡವರನ್ನು ಹುಬ್ಬಳ್ಳಿಯಲ್ಲೂ ನೋಡಿದ್ದೇನೆ, ಇಲ್ಲೂ ನೋಡಿದ್ದೇನೆ. ಖಚಿತ ನಂಬರ್ ಕೊಡುತ್ತೇವೆ ಎಂದು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ. ಖಚಿತ ನಂಬರ್ ಇದ್ದವರು ಅದನ್ನು ಮಾರುವುದಿಲ್ಲ, ತಾವೇ ಹಾಕುತ್ತಾರೆ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಕೇರಳ ಲಾಟರಿಯ ಕೊನೆಯ ಮೂರಂಕಿಯ ಮೇಲೆ ಕೈಚೀಟಿ ಬರೆದು ಆಡಿಸುವವರಿದ್ದಾರೆ, ಅದು ಅಲ್ಲೂ ಕಾನೂನುಬಾಹಿರ. ಅಲ್ಲಿ ದರ ಹೇಳುವವನು ಚೀಟಿ ಬರೆಯುವವನೇ, ಗೆದ್ದರೂ ಕೊಡದಿದ್ದರೆ ಯಾರನ್ನು ಕೇಳುತ್ತೀರಿ? ನಾನು ಹೇಳಿದ ಹಂಚಿಕೆಯ ಲೆಕ್ಕ ಅಲ್ಲಿ ನಡೆಯುವುದೂ ಇಲ್ಲ.

ಇನ್ನು ನ್ಯೂಜೆರ್ಸಿಯಲ್ಲಿ ಆಡುವವರಿಗೆ ಸಣ್ಣಪುಟ್ಟ ವಿಷಯಗಳು. 066 ತರಹದ ನಂಬರಿಗೆ ಬಾಕ್ಸ್ ಹಾಕಿದರೆ 066, 606, 660 ಮೂರೂ ನಿಮ್ಮವು. ಆದರೆ ಮುಂದಿನ ಸೊನ್ನೆಯಿಂದ ಸಿಗುವ ಅನುಕೂಲ ತೆಳುವಾಗುತ್ತದೆ, ಏಕೆಂದರೆ 660 ಹಾಕುವವರೂ ಅದೇ ಬಾಕ್ಸ್‌ನಲ್ಲಿ ಪಾಲುದಾರರು. ಹಾಗಾಗಿ ನಾನು ಇಂಥವನ್ನು ಸ್ಟ್ರೈಟ್ ಮಾತ್ರ ಹಾಕುತ್ತೇನೆ. ಫೈರ್‌ಬಾಲ್ ಎಂಬ ಹೆಚ್ಚುವರಿ ಅಂಕಿಯ ಆಯ್ಕೆ ಸೇರಿಸಿದರೆ ಚೀಟಿಯ ಬೆಲೆ ಎರಡರಷ್ಟಾಗುತ್ತದೆ, ಅದನ್ನು ನಾನು ಹಾಕುವುದಿಲ್ಲ. ಯಂತ್ರವೇ ನಂಬರ್ ಆರಿಸಿಕೊಡುವ ಕ್ವಿಕ್ ಪಿಕ್ ಕೆಟ್ಟದ್ದಲ್ಲ, ಕನಿಷ್ಠ ಅದು ಹುಟ್ಟುಹಬ್ಬದ ತಾರೀಕುಗಳ ಕಡೆಗೆ ವಾಲುವುದಿಲ್ಲ. ಪಿಕ್-4ಕ್ಕೂ ಇದೇ ಹಂಚಿಕೆಯ ಪದ್ಧತಿ ಇದೆ, ಆದರೆ ಅಲ್ಲಿ ನಂಬರ್ ಹತ್ತು ಸಾವಿರ. ಡಿಸೆಂಬರ್‌ವರೆಗಿನ ತಾರೀಕುಗಳೆಲ್ಲ ನಾಲ್ಕಂಕಿಯಲ್ಲಿ ಕೂರುತ್ತವೆ, ಸೊನ್ನೆಯಿಂದ ಶುರುವಾಗುವವೂ ಸೇರಿ. ಮೂರಂಕಿಯ ಸೋಸನ್ನು ಹಾಗೇ ಅಲ್ಲಿಗೆ ಒಯ್ಯಬೇಡಿ.