ಎಷ್ಟು ಗ್ರೇನ್ ಮದ್ದು? ಮನೆಯಲ್ಲಿ ಪಿಸ್ತೂಲಿನ ತೋಟೆ ತುಂಬುವವರಿಗೆ

"ಅಕ್ಕಾ, 9 ಎಂಎಂಗೆ ನೀವು ಎಷ್ಟು ಗ್ರೇನ್ ಹಾಕ್ತೀರಿ?"

ಇಲ್ಲಿ ಅರಿಜೋನಾದ ಬೆನ್ ಏವರಿ ಶೂಟಿಂಗ್ ರೇಂಜಿನಲ್ಲಿ ಕನ್ನಡದವರು ಯಾರಾದರೂ ಸಿಕ್ಕಿದರೆ ಈ ಪ್ರಶ್ನೆ ಬಂದೇ ಬರುತ್ತದೆ. 9 ಎಂಎಂ ಅನ್ನುವುದು ಪಿಸ್ತೂಲಿನ ಒಂದು ತೋಟೆ, ಗ್ರೇನ್ ಅನ್ನುವುದು ಮದ್ದಿನ ತೂಕ. ತೋಟೆ ಅಂದರೆ ಒಂದು ಕೇಸ್, ಅದರ ತಳದಲ್ಲಿ ಬೆಂಕಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ನಾನು ಸಂಖ್ಯೆ ಹೇಳುವುದಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಬಚ್ಚಿಡುವ ಗುಟ್ಟೇನೂ ಇಲ್ಲ. ನನ್ನ ಸಂಖ್ಯೆ ನನ್ನ ಗುಂಡಿಗೆ, ನನ್ನ ಡಬ್ಬಿಯ ಮದ್ದಿಗೆ, ನನ್ನ ಪಿಸ್ತೂಲಿನ ನಳಿಗೆಗೆ ಹೊಂದಿದ್ದು. ಅದನ್ನು ನಿಮ್ಮ ಕೈಗೆ ಕೊಟ್ಟರೆ ಬೇರೆಯವರ ಔಷಧಿ ಚೀಟಿಯನ್ನು ನಿಮಗೆ ಕೊಟ್ಟ ಹಾಗೆ. ನಾನು ಫಾರ್ಮಸಿಸ್ಟ್. ಆ ಕೆಲಸ ನನ್ನಿಂದ ಆಗದು. ಆದರೆ ನಿಮ್ಮ ಸಂಖ್ಯೆಯನ್ನು ನೀವೇ ಹುಡುಕಿಕೊಳ್ಳುವುದು ಹೇಗೆ ಅಂತ ಬಿಡಿಸಿ ಹೇಳಬಲ್ಲೆ.

ಮೊದಲು ಕಾನೂನಿನ ಮಾತು. ನಾನು ಇರುವುದು ಅರಿಜೋನಾದ ಮೇಸಾದಲ್ಲಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಮಾರುವುದಾದರೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ನಾನು ಕೊಡಗಿನವಳು. ಕೋವಿ ಇಟ್ಟುಕೊಳ್ಳಲು ನಮ್ಮವರಿಗೆ ವಿನಾಯಿತಿ ಇದೆ, ಆದರೆ ಅದು ತೋಟೆ ತಯಾರಿಸುವುದಕ್ಕೆ ಅಲ್ಲ. ಊರಲ್ಲಿರುವ ತಮ್ಮಂದಿರು ಇದನ್ನು ಓದಿ ಕೈ ಹಾಕಬೇಡಿ.

ವಿರಾಜಪೇಟೆ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಕೈಲ್‌ಪೊಳ್ದು ಎಂಬ ನಮ್ಮ ಆಯುಧಪೂಜೆಯ ಹಬ್ಬಕ್ಕೆ ಅದನ್ನು ಒರೆಸಿ, ತೋಕ್ ಪೂ ಎಂಬ ಕಾಡುಹೂವಿಟ್ಟು ಪೂಜೆ ಮಾಡುತ್ತಿದ್ದರು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು. ಅಜ್ಜ ಕರಿಮದ್ದನ್ನು ಒಂದು ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ಅಳೆದು ನಳಿಗೆಗೆ ಸುರಿಯುತ್ತಿದ್ದರು. ತೂಕ ಇಲ್ಲ, ಅಳತೆ ಮಾತ್ರ. ನಮ್ಮ ಕಡೆ ಔಷಧಿಗೂ ಮದ್ದು ಅನ್ನುತ್ತೇವೆ, ಕೋವಿಗೆ ಹಾಕುವುದಕ್ಕೂ ಮದ್ದು ಅನ್ನುತ್ತೇವೆ. ನನ್ನ ಪಾಲಿಗೆ ಎರಡೂ ಒಂದೇ ಶಿಸ್ತು.

ಆದರೆ ಅಜ್ಜನ ಬಟ್ಟಲಿನ ಲೆಕ್ಕ ಇಂದಿನ ಹೊಗೆಯಿಲ್ಲದ ಮದ್ದಿಗೆ ನಡೆಯುವುದಿಲ್ಲ. ಈ ಮದ್ದಿನ ಗುಣ ಏನೆಂದರೆ, ಒತ್ತಡ ಏರಿದಂತೆ ಅದು ಉರಿಯುವ ವೇಗವೂ ಏರುತ್ತದೆ. ವೇಗ ಏರಿದರೆ ಒತ್ತಡ ಇನ್ನೂ ಏರುತ್ತದೆ. ಹಾಗಾಗಿ ಚೂರು ಜಾಸ್ತಿ ಮದ್ದು ಅಂದರೆ ಚೂರು ಜಾಸ್ತಿ ಒತ್ತಡ ಅಂತ ಅಂದುಕೊಳ್ಳಬೇಡಿ. ಮೇಲಿನ ಮಿತಿಯ ಹತ್ತಿರ ಬಂದಾಗ ಒತ್ತಡ ಒಮ್ಮೆಲೇ ಜಿಗಿಯಬಹುದು.

ಒಂದು ಗ್ರೇನ್ ಎಷ್ಟು ಅಂತ ಕೈಗೆ ಗೊತ್ತಾಗಬೇಕು. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ಗುಲಗಂಜಿ ನೋಡಿದ್ದೀರಲ್ವಾ? ಅದರ ಅರ್ಧಕ್ಕಿಂತ ತುಸು ಜಾಸ್ತಿ. ನಾವು ಏರಿಸುವುದು, ಇಳಿಸುವುದು ಒಂದು ಗ್ರೇನಿನ ಹತ್ತನೇ ಒಂದು ಪಾಲು. ಕಂಪನಿಗಳು ಕೊಡುವ ಪಿಸ್ತೂಲಿನ ಮದ್ದಿನ ಪಟ್ಟಿಗಳಲ್ಲಿ ಎಷ್ಟೋ ಸಲ ಆರಂಭದ ಅಳತೆಗೂ ಗರಿಷ್ಠಕ್ಕೂ ನಡುವೆ ಅರ್ಧ ಗ್ರೇನ್ ಮಾತ್ರ ಇರುತ್ತದೆ. ಕಣ್ಣಂದಾಜಿಗೆ ಅಲ್ಲಿ ಜಾಗವೇ ಇಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಗುಂಡನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮದ್ದಿನ ಡಬ್ಬಿಯನ್ನು ಆಮೇಲೆ ತೆಗೆಯಿರಿ. ಗುಂಡಿನ ತೂಕ ಎಷ್ಟು, ಯಾವ ಕಂಪನಿಯದು, ಮೇಲಿನ ಹೊದಿಕೆ ಏನು? ಬರೀ ಸೀಸವೋ, ಬಣ್ಣದ ಲೇಪ ಇರುವ ಸೀಸವೋ, ತೆಳು ತಾಮ್ರದ ಪದರವೋ, ದಪ್ಪ ತಾಮ್ರದ ಜಾಕೆಟ್ಟೋ? 124 ಗ್ರೇನಿನ ಜಾಕೆಟ್ ಗುಂಡಿಗೆ ಬರೆದ ಅಳತೆಯನ್ನು 124 ಗ್ರೇನಿನ ಸೀಸದ ಗುಂಡಿಗೆ ಸುಮ್ನೆ ಎತ್ತಿ ಹಾಕುವಂತಿಲ್ಲ. ನಳಿಗೆಯಲ್ಲಿ ಅವು ಉಜ್ಜುವ ರೀತಿ ಬೇರೆ. ಉದ್ದ ಬೇರೆ ಇದ್ದರೆ ಕೇಸಿನೊಳಗೆ ತಿನ್ನುವ ಜಾಗವೂ ಬೇರೆ.

ಆಮೇಲೆ ಕೈಪಿಡಿ. ಹಾಡ್ಗ್‌ಡನ್ ಥರದ ಮದ್ದಿನ ಕಂಪನಿಗಳು, ಹಾರ್ನಡಿ, ಸಿಯೆರಾ ಥರದ ಗುಂಡಿನ ಕಂಪನಿಗಳು, ಲೈಮನ್, ಇವರೆಲ್ಲ ಪಟ್ಟಿ ಕೊಡುತ್ತಾರೆ. ಕನಿಷ್ಠ ಎರಡನ್ನು ಎದುರುಬದುರು ಇಟ್ಟು ಓದಿ. ಸಂಖ್ಯೆಗಳು ಹೊಂದುವುದಿಲ್ಲ, ಅದಕ್ಕೆ ಗಾಬರಿ ಬೇಡ. ಒಬ್ಬರು ಬೇರೆ ಗುಂಡು, ಬೇರೆ ಕೇಪು, ಬೇರೆ ನಳಿಗೆ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ಇಬ್ಬರಲ್ಲಿ ಯಾರ ಆರಂಭದ ಅಳತೆ ಕಡಿಮೆಯೋ ಅಲ್ಲಿಂದ ನಾನು ಶುರು ಮಾಡುತ್ತೇನೆ. ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದಕ್ಕಿಂತ ಶೇಕಡಾ 10 ಕೆಳಗೆ ಇಳಿದು ಶುರು ಮಾಡುವುದು ಎಲ್ಲರೂ ಪಾಲಿಸುವ ರೂಢಿ. ಇದಕ್ಕೆ ಒಂದು ಮುಖ್ಯ ಅಪವಾದ ಇದೆ. ಮ್ಯಾಗ್ನಮ್ ಎಂಬ ಹೆಚ್ಚು ಶಕ್ತಿಯ ತೋಟೆಗೆ ಹಾಕುವ ಎಚ್110 ಎಂಬ ನಿಧಾನದ ಮದ್ದನ್ನು ಹಾಗೆ ಇಳಿಸಬಾರದು. ಕಡಿಮೆಯಾದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಕೂರಬಹುದು. ಅದರ ಪಟ್ಟಿಯಲ್ಲಿ ಏನಿದೆಯೋ ಅಷ್ಟೇ.

ಮದ್ದಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. 700-ಎಕ್ಸ್ ಮತ್ತು 800-ಎಕ್ಸ್ ನಡುವೆ ಒಂದೇ ಅಂಕಿಯ ವ್ಯತ್ಯಾಸ. ಉರಿಯುವ ರೀತಿಯಲ್ಲಿ ಅವು ತೀರಾ ಬೇರೆ. ಔಷಧಿ ಅಂಗಡಿಯಲ್ಲಿ ಒಂದೇ ಥರ ಕೇಳಿಸುವ ಹೆಸರುಗಳ ಮಾತ್ರೆಗಳನ್ನು ನಾವು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇವೆ. ಮನೆಯಲ್ಲೂ ನನ್ನದು ಅದೇ ಕ್ರಮ. ಕೆಲಸದ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಮದ್ದು ಸುರಿಯುವ ಅಳತೆ ಯಂತ್ರದಲ್ಲಿ ಉಳಿದಿದ್ದು ಅವತ್ತೇ ಅದರ ಡಬ್ಬಿಗೆ ವಾಪಸ್. ಯಾವುದು ಅಂತ ಮರೆತುಹೋದ ಮದ್ದು ಎಷ್ಟೇ ದುಬಾರಿ ಇರಲಿ, ಬಳಸುವುದಿಲ್ಲ.

ಯಾವ ಮದ್ದು ಕೊಳ್ಳಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಅದರ ಗಾತ್ರದ ಬಗ್ಗೆ. ಇದು ನನಗೆ ತುಂಬಾ ಮುಖ್ಯವಾದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

.38 ಸ್ಪೆಷಲ್ ಎಂಬ ರಿವಾಲ್ವರ್ ತೋಟೆ ಹುಟ್ಟಿದ್ದು 1898ರಲ್ಲಿ. ಕರಿಮದ್ದಿನ ಕಾಲದ ತೋಟೆ. ಕರಿಮದ್ದು ಜಾಗ ಜಾಸ್ತಿ ತಿನ್ನುತ್ತಿತ್ತು, ಹಾಗಾಗಿ ಕೇಸ್ ಉದ್ದ, ಸುಮಾರು 29 ಮಿಲಿಮೀಟರ್. ಅದೇ 9 ಎಂಎಂ ಕೇಸ್ 19 ಮಿಲಿಮೀಟರ್ ಅಷ್ಟೇ. ಒತ್ತಡದ ಮಿತಿ ಮಾತ್ರ ತಿರುಗುಮುರುಗು. ತೋಟೆಗಳ ಮಾನದಂಡ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆಯ ಪ್ರಕಾರ ಆ ಉದ್ದ ಕೇಸಿನ .38ಕ್ಕೆ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಗಿಡ್ಡ 9 ಎಂಎಂಗೆ 35,000. ಈಗಿನ ವೇಗದ, ದಟ್ಟವಾದ ಮದ್ದನ್ನು .38ಕ್ಕೆ ಹಾಕಿದರೆ ತಳದಲ್ಲಿ ಒಂದು ಚಿಟಿಕೆ ಕೂತ ಹಾಗೆ ಕಾಣುತ್ತದೆ. ಮೇಲೆ ಎಲ್ಲ ಖಾಲಿ. ಅಂದರೆ ಕೈ ತಪ್ಪಿ ಎರಡು ಸಲ ಸುರಿದರೂ ಒಳಗೆ ಹಿಡಿಸುತ್ತದೆ, ಮೂರು ಸಲ ಸುರಿದರೂ ಹಿಡಿಸಬಹುದು. ಮೇಲೆ ಗುಂಡು ಕೂರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ಇದು ಆಗಿದೆ. ತುಂಬಲು ಶುರು ಮಾಡಿ ಎರಡನೇ ವರ್ಷ. 50 ಕುಳಿಗಳ ಮರದ ಹಲಗೆಯಲ್ಲಿ .38 ಕೇಸುಗಳನ್ನು ನಿಲ್ಲಿಸಿ ಒಂದೊಂದಕ್ಕೇ ಮದ್ದು ಸುರಿಯುತ್ತಿದ್ದೆ. ಮಧ್ಯದಲ್ಲಿ ಮಗಳು ಕರೆದಳು, ಎದ್ದು ಹೋಗಿ ಬಂದೆ. ಎಲ್ಲಿ ನಿಲ್ಲಿಸಿದ್ದೆ ಅಂತ ಮನಸ್ಸಿನಲ್ಲಿ ಖಾತ್ರಿ ಇತ್ತು, ಮುಂದುವರಿಸಿದೆ. ಗುಂಡು ಕೂರಿಸಿ, ಐವತ್ತನ್ನೂ ಡಬ್ಬಿಗೆ ಹಾಕಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಆ ಖಾತ್ರಿ ಈಗ ಇರಲಿಲ್ಲ.

ಬೆಳಿಗ್ಗೆ ತೋಟೆಗಳನ್ನು ಒಂದೊಂದಾಗಿ ತೂಗಿದೆ. ಅದರಿಂದ ಏನೂ ತಿಳಿಯಲಿಲ್ಲ. ಬೇರೆ ಬೇರೆ ಕಂಪನಿಯ ಕೇಸುಗಳ ತೂಕದಲ್ಲೇ ಹಲವು ಗ್ರೇನ್ ವ್ಯತ್ಯಾಸ ಇರುತ್ತದೆ. ಗುಂಡುಗಳಲ್ಲೂ ಇರುತ್ತದೆ. ಒಳಗಿನ ಮದ್ದೇ ನಾಲ್ಕಾರು ಗ್ರೇನ್ ಇರುವಾಗ ಒಟ್ಟು ತೂಕ ನೋಡಿ ಎರಡು ಪಾಲು ಬಿದ್ದಿದೆಯೋ ಅಂತ ಹೇಳಲು ಆಗುವುದಿಲ್ಲ. ಕೊನೆಗೆ ಸುತ್ತಿಗೆಯಂಥ ಬಿಚ್ಚುವ ಸಾಧನ ತಂದು, ನೆಲಕ್ಕೆ ಬಡಿದು ಬಡಿದು ಐವತ್ತನ್ನೂ ಬಿಚ್ಚಿದೆ. ಮೂವತ್ತೊಂದನೆಯದರಲ್ಲಿ ಎರಡು ಪಾಲು ಮದ್ದು ಇತ್ತು. ಅದನ್ನು ಅಂಗೈ ಮೇಲೆ ಸುರಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಆ ರಿವಾಲ್ವರನ್ನು ಆ ಭಾನುವಾರ ಮಗಳ ಕೈಗೆ ಮೊದಲ ಸಲ ಕೊಡುವುದಿತ್ತು.

ಅವತ್ತಿನಿಂದ ನಾನು ಉಬ್ಬಿದ, ಹಗುರ ಮದ್ದನ್ನೇ ಆರಿಸುತ್ತೇನೆ. ಒಂದು ಪಾಲು ಹಾಕಿದಾಗಲೇ ಕೇಸಿನ ಅರ್ಧಕ್ಕಿಂತ ಮೇಲೆ ಬರಬೇಕು. ಎರಡು ಪಾಲು ಬಿದ್ದರೆ ಉಕ್ಕಿ ಮೇಜಿನ ಮೇಲೆ ಚೆಲ್ಲಬೇಕು. ಪಟ್ಟಿ ನೋಡಿ ಹತ್ತು ಮದ್ದುಗಳಲ್ಲಿ ಯಾವುದು ಅಂತ ಗೊಂದಲವಾದರೆ ಈ ಒಂದು ಮಾನದಂಡದಿಂದಲೇ ಅರ್ಧ ಹೆಸರುಗಳು ಹೊರಟುಹೋಗುತ್ತವೆ. ಚಪ್ಪಟೆ ಚಕ್ಕೆಯ ಮದ್ದುಗಳು ಅಳತೆ ಯಂತ್ರದಲ್ಲಿ ಸ್ವಲ್ಪ ತೊಡರುತ್ತವೆ, ದುಂಡು ಕಾಳಿನವು ನೀರಿನಂತೆ ಹರಿಯುತ್ತವೆ, ನಿಜ. ಹೊಸಬರಿಗೆ ನಾನು ತೊಡರನ್ನೇ ಒಪ್ಪಿಕೊಳ್ಳಿ ಅನ್ನುತ್ತೇನೆ. ಮತ್ತೆ, ಗುಂಡು ಕೂರಿಸುವ ಮೊದಲು ಹಲಗೆಯ ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿ. ಐವತ್ತೂ ಒಂದೇ ಮಟ್ಟ ಇರಬೇಕು. ಮಧ್ಯದಲ್ಲಿ ಏಳಬೇಕಾಗಿ ಬಂದರೆ ಆವರೆಗೆ ಸುರಿದಿದ್ದನ್ನೆಲ್ಲ ಡಬ್ಬಿಗೆ ವಾಪಸ್ ಹಾಕಿ, ಮೊದಲಿನಿಂದ ಶುರು.

ತಕ್ಕಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಜಿಟಲ್ ಆದರೆ ಅರ್ಧ ಗಂಟೆ ಮೊದಲೇ ಆನ್ ಮಾಡಿ. ಎಸಿ, ಫ್ಯಾನ್ ಆಫ್ ಮಾಡಿ. ಮೊಬೈಲು ದೂರ ಇರಲಿ. ತೂಕ ಗೊತ್ತಿರುವ ಚಿಕ್ಕ ಬಟ್ಟುಗಳನ್ನು ಇಟ್ಟು ಪರೀಕ್ಷಿಸಿ, ಅದೂ ನೀವು ತೂಗುವ ಅಳತೆಯ ಹತ್ತಿರದ ಬಟ್ಟುಗಳು. ನೂರು ಗ್ರಾಂ ಸರಿ ತೋರಿಸುವ ತಕ್ಕಡಿ ಕಾಲು ಗ್ರಾಮಿನಲ್ಲಿ ತಪ್ಪಬಹುದು.

ಇನ್ನು ಮೆಟ್ಟಿಲು ಹತ್ತುವುದು. ಆರಂಭದ ಅಳತೆಯಲ್ಲಿ ಹತ್ತು ತೋಟೆ. 0.1 ಗ್ರೇನ್ ಏರಿಸಿ ಇನ್ನೊಂದು ಹತ್ತು. ಹೀಗೆ ನಾಲ್ಕೈದು ಮೆಟ್ಟಿಲು, ಪ್ರತಿಯೊಂದಕ್ಕೂ ಬೇರೆ ಪೊಟ್ಟಣ, ಮೇಲೆ ಬರಹ. ಕೇಸ್, ಕೇಪು, ಗುಂಡು ಕೂರುವ ಆಳ ಯಾವುದನ್ನೂ ಮಧ್ಯೆ ಬದಲಿಸಬಾರದು. ಆಳದ ವಿಷಯ 9 ಎಂಎಂನಲ್ಲಿ ತುಂಬಾ ಸೂಕ್ಷ್ಮ. ಗಿಡ್ಡ ಕೇಸ್ ಅಲ್ವಾ? ಗುಂಡು ಒಂದು ಮಿಲಿಮೀಟರಿಗಿಂತ ಕಡಿಮೆ ಒಳಗೆ ಸರಿದರೂ ಮದ್ದಿಗೆ ಉಳಿದ ಜಾಗ ಕುಗ್ಗಿ ಒತ್ತಡ ಅಪಾಯಕ್ಕೆ ಏರುತ್ತದೆ. ಕೈಪಿಡಿಯಲ್ಲಿ ಅಳತೆಯ ಪಕ್ಕದಲ್ಲೇ ತೋಟೆಯ ಒಟ್ಟು ಉದ್ದ ಬರೆದಿರುತ್ತಾರೆ. ಅದಕ್ಕಿಂತ ಗಿಡ್ಡ ಮಾಡಿದರೆ ಆ ಮದ್ದಿನ ಅಳತೆ ನಿಮಗೆ ಅನ್ವಯಿಸುವುದಿಲ್ಲ. ತುಂಬಿದ ಮೇಲೆ ತೋಟೆಯನ್ನು ಮೇಜಿಗೆ ಒತ್ತಿ ನೋಡಿ, ಗುಂಡು ಒಳಗೆ ಜಾರಬಾರದು.

ರೇಂಜಿನಲ್ಲಿ ಕಡಿಮೆ ಅಳತೆಯಿಂದಲೇ ಶುರು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ವೇಗ ಬರೆದುಕೊಳ್ಳಿ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ, ಅದಿಲ್ಲದೆ ಮೇಲೆ ಹತ್ತಬೇಡಿ. ಕೇಪು ಚಪ್ಪಟೆಯಾಗಿದೆಯೇ ಅಂತ ನೋಡಿ ಒತ್ತಡ ಹೇಳುತ್ತೇನೆ ಅನ್ನುವವರಿದ್ದಾರೆ. .38 ಥರದ ಕಡಿಮೆ ಒತ್ತಡದ ತೋಟೆಯಲ್ಲಿ ಕೇಪು ಆ ಗುರುತು ತೋರಿಸುವ ಹೊತ್ತಿಗೆ ನೀವು ಮಿತಿಯನ್ನು ಎಷ್ಟೋ ದಾಟಿರುತ್ತೀರಿ. ನಿಮ್ಮ ವೇಗ ಪಟ್ಟಿಯ ಗರಿಷ್ಠ ವೇಗವನ್ನು ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ, ಅಳತೆ ಇನ್ನೂ ಕಡಿಮೆ ಇದ್ದರೂ ಸರಿ. ಈಡಿನ ಸದ್ದು "ಪುಸ್" ಅಂತ ಬಂದರೆ ಮುಂದಿನದನ್ನು ಹೊಡೆಯಲೇಬೇಡಿ. ಗುಂಡು ನಳಿಗೆಯಲ್ಲಿ ಸಿಕ್ಕಿರಬಹುದು. ಖಾಲಿ ಮಾಡಿ, ಬಿಚ್ಚಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ.

ಎಲ್ಲಿ ನಿಲ್ಲಿಸಬೇಕು? ನಿಮಗೆ ಏನು ಬೇಕು ಅನ್ನುವುದರ ಮೇಲೆ. ನಾನು ಯುಎಸ್‌ಪಿಎಸ್‌ಎ ಎಂಬ ಅಮೆರಿಕದ ಶೂಟಿಂಗ್ ಸಂಘದ ಪಂದ್ಯಗಳಲ್ಲಿ ಹೊಡೆಯುತ್ತೇನೆ. ಅಲ್ಲಿ ಮೈನರ್ ಎಂಬ ಕಡಿಮೆ ಶಕ್ತಿಯ ತೋಟೆಗಳ ವರ್ಗಕ್ಕೂ ಪವರ್ ಫ್ಯಾಕ್ಟರ್ ಕನಿಷ್ಠ 125 ಬೇಕು. ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ವೇಗ ಅನ್ನುವುದರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದು ಸಿಗುತ್ತದೆ. 124 ಗ್ರೇನಿನ ಗುಂಡು 1,050 ಅಡಿ ವೇಗದಲ್ಲಿ ಹೋದರೆ 130. ನನಗೆ ಅಷ್ಟು ಸಾಕು, ಸ್ವಲ್ಪ ಅಂತರ ಉಳಿಯುತ್ತದೆ. ಪಟ್ಟಿಯ ಗರಿಷ್ಠಕ್ಕೆ ನಾನು ಹೋಗಿಯೇ ಇಲ್ಲ, ಹೋಗುವ ಅಗತ್ಯವೂ ಬಂದಿಲ್ಲ. ಪಿಸ್ತೂಲು ಖಾಲಿ ಕೇಸನ್ನು ಪ್ರತಿ ಸಲ ಸರಿಯಾಗಿ ಎಸೆಯಬೇಕು, ಗುಂಡುಗಳು ಒಂದರ ಹತ್ತಿರ ಒಂದು ಬೀಳಬೇಕು, ಕೈ ದಣಿಯಬಾರದು. ಈ ಮೂರೂ ಕೂಡುವ ಅತಿ ಕಡಿಮೆ ಅಳತೆಯೇ ನನ್ನ ಅಳತೆ.

ಮದ್ದನ್ನು ಗ್ಯಾರೇಜಿನಲ್ಲಿ ಇಡಬೇಡಿ. ಇಲ್ಲಿನ ಬೇಸಿಗೆಯಲ್ಲಿ ಹೊರಗೇ 45 ಡಿಗ್ರಿ ದಾಟುತ್ತದೆ. ಮನೆಯೊಳಗೆ ತಂಪು ಜಾಗದಲ್ಲಿ, ಅದರದ್ದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಪ್ರತಿ ಡಬ್ಬಿ ತೋಟೆಯ ಮೇಲೂ ಚೀಟಿ ಅಂಟಿಸುತ್ತೇನೆ. ತಾರೀಕು, ಗುಂಡು, ಮದ್ದಿನ ಹೆಸರು, ಅದರ ಲಾಟ್ ನಂಬರು (ಅದು ಯಾವ ಕಂತಿನಲ್ಲಿ ತಯಾರಾಯಿತು ಅನ್ನುವ ಗುರುತು), ಅಳತೆ, ಕೇಪು, ಒಟ್ಟು ಉದ್ದ, ಸರಾಸರಿ ವೇಗ. ಲಾಟ್ ನಂಬರು ಯಾಕೆ ಅಂತ ಕೇಳುತ್ತಾರೆ. ಕಳೆದ ಚಳಿಗಾಲದಲ್ಲಿ ಅದೇ ಮದ್ದಿನ ಹೊಸ ಡಬ್ಬಿ ಒಡೆದೆ. ಲಾಟ್ ಬೇರೆ ಇತ್ತು. ಮತ್ತೆ ಕೆಳಗಿನ ಮೆಟ್ಟಿಲಿಂದ ಹತ್ತುತ್ತಾ ಬಂದೆ. ಹಳೆಯ ಅಳತೆಗಿಂತ 0.1 ಗ್ರೇನ್ ಕೆಳಗೇ ಅದೇ 1,050 ಸಿಕ್ಕಿತು. ಹಳೆಯ ಚೀಟಿ ಕಿತ್ತು ಹೊಸದು ಬರೆದೆ.