ರದ್ದಿಗೆ ಹಾಕುವ ಮುಂಚೆ ಆ ಬೇತಾಳನನ್ನು ಉಳಿಸಿಕೊಳ್ಳಿ

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮ ಕಲಬುರಗಿ ಮನೆಯ ತಗಡಿನ ಟ್ರಂಕಿನಿಂದ ಹಳೆ ಚಂದಮಾಮದ ಕಟ್ಟೊಂದು ಹೊರಗೆ ಬಂತು. ಅವ್ವ ರದ್ದಿಗೆ ಹಾಕು ಅಂದಳು. ಅಷ್ಟರಲ್ಲಿ ಅಣ್ಣನ ಮಗಳು ಒಂದು ಪುಟ ತೆರೆದು, 'ಕಾಕಾ, ಇದು ಹ್ಯಾಲೋವೀನ್ ಚಿತ್ರ ಏನ್?' ಅಂತ ಕೇಳಿದಳು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಹಿಂದೆ ಗವ್ವನೆ ಕತ್ತಲು. ಬೇತಾಳ ಕಥೆಗಳ ನಮ್ಮ ತ್ರಿವಿಕ್ರಮ! 1952ರಲ್ಲಿ ಚಂದಮಾಮ ಸೇರಿದ ಚಿತ್ರಕಾರ ಶಂಕರ್ ಅವರ ಕೈಚಳಕ ಅದು.

ಅವಳು ಕೇಳಿದ್ದು ತಪ್ಪೇನಲ್ಲ. ಅಮೆರಿಕದ ಹಳೆ ಮಕ್ಕಳ ಪತ್ರಿಕೆಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಬರುತ್ತಿದ್ದ ಕಪ್ಪು ಬೆಕ್ಕು, ಕುಂಬಳಕಾಯಿ ಮುಖ, ಪೊರಕೆ ಏರಿದ ಮಾಟಗಾತಿ ಎಲ್ಲ ಇದೇ ಜಾತಿಯವು. ಅಚ್ಚು ಹಾಕುವಾಗ ಒಂದೊಂದು ಬಣ್ಣಕ್ಕೂ ಬೇರೆ ಪ್ಲೇಟು, ಬೇರೆ ಖರ್ಚು. ಹಾಗಾಗಿ ಎಷ್ಟೋ ಪುಟಗಳು ಕಪ್ಪು ಮತ್ತು ಕಿತ್ತಳೆಯಲ್ಲೇ ಮುಗಿಯುತ್ತಿದ್ದವು, ಚಂದ್ರನಿಗೆ ಬರೀ ಕಾಗದದ ಬಿಳುಪೇ ಸಾಕಿತ್ತು. ಬಣ್ಣ ಕಡಿಮೆ, ಕತ್ತಲು ಜಾಸ್ತಿ, ಸೊಗಸು ಇರುವುದೇ ಅಲ್ಲಿ. ಆದ್ದರಿಂದ ಉಳಿಸುವ ಭರದಲ್ಲಿ ಜಾಸ್ತಿ ತೊಳೆದು ಬಳಿದು ಮಾಡಬೇಡಿ.

ಮೊದಲು ಮಾಳಿಗೆ ಮೇಲೆ ಬಿಸಿಲಿಗೆ ಹರಡುವ ಚಟ ಬಿಡಿ. ಅಗ್ಗದ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಎಂಬ ಅಂಶ ಇರುತ್ತದೆ, ಬೆಳಕು ಬಿದ್ದಷ್ಟೂ ಕಾಗದ ಹಳದಿಯಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಬಿಸಿಲು ಗೊತ್ತಲ್ವಾ? ನೆರಳಲ್ಲಿ ಕೂತು, ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಪಿನ್ನು ತುಕ್ಕು ಹಿಡಿದಿದ್ದರೆ ಒಳಗಿನಿಂದ ಕಾಲು ನೆಟ್ಟಗೆ ಮಾಡಿ ಮೆಲ್ಲಗೆ ಎಳೆದು, ಅದೇ ತೂತಿಗೆ ಹತ್ತಿ ದಾರ ಪೋಣಿಸಿ.

ಹರಿದ ಕಡೆ ಸೆಲ್ಲೋ ಟೇಪ್ ಮಾತ್ರ ಬೇಡವೇ ಬೇಡ. ಸಣ್ಣವನಿದ್ದಾಗ ನಾನೇ ಬೇತಾಳನ ಮುಖದ ಮೇಲೆ ಅಂಟಿಸಿದ್ದೆ, ಈಗ ಅಲ್ಲಿ ಕಂದು ಗೋಂದು ಬಿಟ್ಟರೆ ಏನೂ ಇಲ್ಲ. ಸಣ್ಣ ಹರಕು ಇದ್ದರೆ ಹಾಗೇ ಬಿಡಿ. ಮುದುಡಿದ ಪುಟವನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೊಂದು ಶಹಾಬಾದ್ ಪರ್ಸಿ ಕಲ್ಲಿನ ತುಂಡು ಹೇರಿ, ವಾರ ಬಿಡಿ. ಪರ್ಸಿಗೆ ನಮ್ಮಲ್ಲಿ ಬರವೇ?

ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ (ಅಂದರೆ ಇಂಚಿಗೆ 600 ಚುಕ್ಕಿ), ಚಿತ್ರ ಕಪ್ಪು ಬಿಳುಪಾಗಿದ್ದರೂ ಕಲರ್ ಮೋಡ್‌ನಲ್ಲೇ. ಕಡಿಮೆ ಇಟ್ಟರೆ ಅಚ್ಚಿನ ಚುಕ್ಕಿಗಳೂ ಸ್ಕ್ಯಾನರಿನ ಚುಕ್ಕಿಗಳೂ ಒಂದರ ಮೇಲೊಂದು ಬಿದ್ದು ಸೀರೆ ಅಂಚಿನ ಹಾಗೆ ಗೆರೆ ಮೂಡಬಹುದು. ಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಿ, ಆಗ ಹಿಂಬದಿಯ ಅಕ್ಷರ ಇತ್ತ ಇಣುಕುವುದಿಲ್ಲ. ಈ ಒಂದು ಉಪಾಯ ಗೊತ್ತಿಲ್ಲದೆ ನಾನು ಮೂವತ್ತು ಪುಟ ಎರಡೆರಡು ಸಲ ಮಾಡಿದೆ. ಮೊಬೈಲ್ ಆದರೆ ಫ್ಲ್ಯಾಶ್ ಆರಿಸಿ, ನೇರ ಬಿಸಿಲು ಬೀಳದ ಕಿಟಕಿ ಪಕ್ಕ, ಪುಟಕ್ಕೆ ಸರಿಯಾಗಿ ಮೇಲಿಂದ ಹಿಡಿಯಿರಿ. ಸ್ಕ್ಯಾನ್ ಆ್ಯಪ್‌ನ ಆಟೋ ಫಿಲ್ಟರ್ ಹಾಕಿದರೆ ಪುಟ ಬೆಳ್ಳಗಾಗುತ್ತದೆ ನಿಜ, ಜೊತೆಗೆ ಕೂದಲೆಳೆಯಂಥ ಗೆರೆಗಳನ್ನೂ ತಿಂದುಹಾಕುತ್ತದೆ. ಏನೂ ತಿದ್ದದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಂಡು, ಆಮೇಲೆ ನಿಮ್ಮ ಆಟ ಆಡಿ.

ಮತ್ತೆ ಟ್ರಂಕಿಗೆ ಹಾಕುವಾಗ ನ್ಯೂಸ್‌ಪೇಪರ್ ಸುತ್ತಬೇಡಿ, ಅದರ ಆಮ್ಲ ಇದಕ್ಕೂ ತಗಲುತ್ತದೆ. ಮಲಗಿಸಿಡಿ. ಟ್ರಂಕನ್ನು ಗೋಡೆಗೆ, ನೆಲಕ್ಕೆ ತಾಗಿಸದೆ ಎತ್ತರದಲ್ಲಿಡಿ, ಮಳೆಗಾಲದಲ್ಲಿ ಗೆದ್ದಲು ಬಂದರೆ ಕಥೆ ಮುಗಿಯಿತು. ಜೋಳಕ್ಕೆ ಹಾಕುವ ಹಾಗೆ ಒಣ ಬೇವಿನ ಸೊಪ್ಪು ಹಾಕಬಹುದು, ಬಟ್ಟೆ ಗಂಟಿನಲ್ಲಿ ಕಟ್ಟಿ ಮೂಲೆಗಿಡಿ, ಪುಟಗಳ ನಡುವೆ ಇಟ್ಟರೆ ಕಲೆ ಬೀಳುತ್ತದೆ.

ಒಂದು ಮಾತು, ಚಿತ್ರ ಹಳೆಯದಾದ ಮಾತ್ರಕ್ಕೆ ಕಾಪಿರೈಟ್ ಮುಗಿದಿರುವುದಿಲ್ಲ. ಶಂಕರ್ ತೀರಿಕೊಂಡದ್ದೇ 2020ರಲ್ಲಿ. ಮನೆಗೆ ಪ್ರಿಂಟ್ ಹಾಕಿಕೊಳ್ಳಿ, ಟೀಶರ್ಟ್ ಮೇಲೆ ಅಚ್ಚು ಹಾಕಿ ಮಾರಲು ಹೋಗಬೇಡಿ. ನಮ್ಮ ಮನೆಯ ಪ್ರಿಂಟ್ ಈಗ ಫ್ರಿಜ್ ಬಾಗಿಲ ಮೇಲಿದೆ. ರಾತ್ರಿ ನೀರು ಕುಡಿಯಲು ಅಣ್ಣನ ಮಗಳು ಒಬ್ಬಳೇ ಹೋಗುವುದಿಲ್ಲ, ನನ್ನನ್ನೂ ಎಬ್ಬಿಸುತ್ತಾಳೆ.