ಸೊಂಟ ನೋವಿಗೆ ಹತ್ತಿ ಗಾದಿ: ಕೊನೆಗೂ ಕೈಹಿಡಿದ ಅಳತೆ

ಹತ್ತಿ ಗಾದಿ ಸೊಂಟ ನೋವಿನವರಿಗೆ ಆಗಿಬರುವುದಿಲ್ಲ, ಆರು ತಿಂಗಳಿಗೆ ನಡುವೆ ಗುಂಡಿ ಬೀಳುತ್ತದೆ ಎಂದು ಗಾದಿ ಹೊಲಿಯುವ ನಮ್ಮ ಕಸುಬಿನವರೇ ಹೇಳಿದ್ದರು. ಫೋಮ್ ಮಾರುವ ನನ್ನ ಬಾಮೈದನಂತೂ "ಮಾವಾ, ಸುಮ್ನೆ ರೊಕ್ಕ ಕಳಕೋಬ್ಯಾಡ್ರಿ" ಅಂದ. ಈಗ ಎರಡು ಮಳೆಗಾಲ ದಾಟಿವೆ. ಗಾದಿ ಹಾಗೇ ಇದೆ, ನಾನು ಬೆಳಿಗ್ಗೆ ಗೋಡೆ ಹಿಡಿಯದೆ ಏಳುತ್ತಿದ್ದೇನೆ. ರಾಣೆಬೆನ್ನೂರಿನಲ್ಲಿ ಗಾದಿ ಹೊಲಿಯುತ್ತ ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ಖುಷಿ ಕೊಟ್ಟ ಗಾದಿ ಇನ್ನೊಂದಿಲ್ಲ.

ನನ್ನದು ಎಲ್4–ಎಲ್5, ಅಂದರೆ ಸೊಂಟದ ಬೆನ್ನುಮೂಳೆಯ ನಾಲ್ಕನೇ ಮತ್ತು ಐದನೇ ಗಂಟಿನ ನಡುವಿನ ತಕರಾರು. ದಿನವಿಡೀ ನೆಲಕ್ಕೆ ಬಗ್ಗಿ ದಬ್ಬಣ ಎಳೆಯುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಡಾಕ್ಟರು ಆಪರೇಷನ್ ಬೇಡ ಎಂದರು, ನಡಿಗೆ ಮತ್ತು ವ್ಯಾಯಾಮ ಹೇಳಿಕೊಟ್ಟರು. ಅದನ್ನು ಇವತ್ತಿಗೂ ಬಿಟ್ಟಿಲ್ಲ, ಗಾದಿಯೊಂದೇ ನೋವು ಕಳೆಯಿತು ಎನ್ನುವವನು ನಾನಲ್ಲ. ಆದರೆ ಹಗಲು ವ್ಯಾಯಾಮದಲ್ಲಿ ಗಳಿಸಿದ್ದನ್ನು ರಾತ್ರಿ ಹಾಸಿಗೆ ಕಿತ್ತುಕೊಳ್ಳುತ್ತಿತ್ತು.

ಹೋದ ದುಡ್ಡಿನ ಲೆಕ್ಕ ಕೇಳಿ. ಮೊದಲು ಎಲ್ಲರೂ ಹೇಳುವ ಹಲಗೆ ಮತ್ತು ಚಾಪೆ. ಖರ್ಚಿಲ್ಲ ನಿಜ, ಆದರೆ ಮಗ್ಗುಲಾದರೆ ಭುಜ ಮತ್ತು ಪಿರ್ರೆಯ ಮೂಳೆ ಒತ್ತಿ ರಾತ್ರಿಯಿಡೀ ಹೊರಳಾಟ. ಆಮೇಲೆ ಅಂಗಡಿಯಿಂದ "ಆರ್ಥೋ" ಎಂದು ಬರೆದ ಹಾಸಿಗೆ, ಇಪ್ಪತ್ತೆರಡು ಸಾವಿರದ ಹತ್ತಿರ. ಬೆನ್ನು ಒಪ್ಪಲಿಲ್ಲ. ಹೊಲಿಗೆ ಬಿಚ್ಚಿ ನೋಡಿದರೆ ನಾಲ್ಕಿಂಚು ರೀಬಾಂಡೆಡ್ (ಫೋಮ್ ಚೂರುಗಳನ್ನು ಅಂಟಿಸಿ ಒತ್ತಿದ್ದು), ಮೇಲೆ ಬೆರಳು ದಪ್ಪದ ಫೋಮ್, ಅಷ್ಟೇ. ವಾಪಸ್ ಕೇಳಿದ್ದಕ್ಕೆ ಕವರ್ ಬಿಚ್ಚಿದ್ದೀರಿ, ಆಗಲ್ಲ ಎಂದರು. ಅದರ ಮೇಲೆ 32 ಡೆನ್ಸಿಟಿ (ಘನ ಮೀಟರಿಗೆ 32 ಕೆಜಿ ತೂಗುವ) ಫೋಮ್ ಎರಡಿಂಚು ಹಾಕಿ ನೋಡಿದೆ. ಮಲಗಿದ ಕೂಡಲೇ ಹಿತ, ನಸುಕಿಗೆ ಸೊಂಟ ಕೆಳಗಿಳಿದಿರುತ್ತಿತ್ತು. ಡೆನ್ಸಿಟಿ ಜಾಸ್ತಿ ಇದ್ದರೆ ಹಾಸಿಗೆ ಗಟ್ಟಿ ಎಂದು ಗಿರಾಕಿಗೆ ಹೇಳುವವರು ನಮ್ಮಲ್ಲೂ ಇದ್ದಾರೆ. ಡೆನ್ಸಿಟಿ ಬಾಳಿಕೆಯ ಲೆಕ್ಕ, ಗಟ್ಟಿತನ ಬೇರೆ. ನಂತರ ಬರೀ ತೆಂಗಿನ ನಾರಿನ ಹಾಸಿಗೆ, ಏಳು ಸಾವಿರ. ವರ್ಷದ ತನಕ ಚೆನ್ನಾಗಿತ್ತು, ಆಮೇಲೆ ಪಿರ್ರೆ ಊರುವ ಜಾಗದಲ್ಲಿ ಕುಸಿಯಿತು. ಎಲ್ಲ ಸೇರಿ ನಲವತ್ತು ಸಾವಿರದ ಆಚೀಚೆ ಹೋಗಿರಬೇಕು.

ನನ್ನ ದಾರಿ ಬದಲಿಸಿದ್ದು ಫಿಸಿಯೋಥೆರಪಿ ಮೇಡಂ ಹೇಳಿದ ಒಂದು ಸಂಗತಿ. ಸ್ಪೇನಿನಲ್ಲಿ ಬಹುದಿನದ ಸೊಂಟ ನೋವಿದ್ದ 313 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಗಟ್ಟಿ, ಇನ್ನೊಂದಕ್ಕೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದ್ದರಂತೆ. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮಧ್ಯಮ ಗಟ್ಟಿಯ ಮೇಲೆ ಮಲಗಿದವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ ಎನ್ನುವ ಅಳತೆಯಲ್ಲಿ ಗಟ್ಟಿಯದು 2.3, ಮಧ್ಯಮದ್ದು 5.6. ಹಲಗೆ ಪಕ್ಷದವರ ಬಾಯಿ ಮುಚ್ಚಿಸಲು ನನಗೆ ಇದು ಸಾಕಾಯಿತು. ಆದರೆ ಆ 5.6 ನಮ್ಮ ಹತ್ತಿಯಲ್ಲಿ ಎಷ್ಟು ಕೆಜಿಗೆ ಬರುತ್ತದೆ? ಅದನ್ನು ಯಾರೂ ಹೇಳುವುದಿಲ್ಲ, ಮಲಗಿಯೇ ಹುಡುಕಬೇಕು.

ಹುಡುಕಿದ ಬಗೆ ಹೀಗೆ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸುವುದು. ಸಲೀಸಾಗಿ ಆಚೆ ಹೋದರೆ ಗಾದಿ ಹೆಚ್ಚು ಗಟ್ಟಿ, ತೂರಲೇ ಇಲ್ಲವೆಂದರೆ ಹೆಚ್ಚು ಮೆತ್ತಗೆ. ಬೆನ್ನಿಗೂ ಗಾದಿಗೂ ಒರೆಸಿಕೊಂಡು, ಸ್ವಲ್ಪ ಬಿಗಿಯಾಗಿ ಹೋಗಬೇಕು. ಇದು ಹಲವರಿಗೆ ಗೊತ್ತು. ಮಗ್ಗುಲಿಗೆ ಮಾಡಿದ್ದು ನನ್ನದೇ ಉಪಾಯ: ಮೈಗಂಟಿದ ಬನಿಯನ್ ಮೇಲೆ, ಬೆನ್ನುಮೂಳೆಯ ಗಂಟುಗಂಟಿಗೂ ಹೆಂಡತಿಯಿಂದ ಟೈಲರ್ ಚಾಕಿನ ಚುಕ್ಕಿ ಇಡಿಸಿದೆ. ಮಗ್ಗುಲಾಗಿ ಮಲಗಿದ ಮೇಲೆ ಅವಳು ಕತ್ತಿನಿಂದ ಕೆಳಗಿನವರೆಗೆ ದಾರ ಬಿಗಿಹಿಡಿದು ನೋಡುತ್ತಿದ್ದಳು. ಚುಕ್ಕಿಗಳು ದಾರದ ಗುಂಟ ಬಂದರೆ ಸರಿ. ನಡುವಿನವು ದಾರದಿಂದ ಎರಡು ಬೆರಳು ಮಂಚದ ಕಡೆ ಇಳಿದಿದ್ದರೆ ಸೊಂಟ ಹೂತಿದೆ ಎಂದರ್ಥ. ಮಲಗಿದ ತಕ್ಷಣ ಅಲ್ಲ, ಅರ್ಧ ಗಂಟೆ ಬಿಟ್ಟು ನೋಡಬೇಕು. ಹತ್ತಿ ಅಷ್ಟೊತ್ತಿಗೆ ಕೂರುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಒರಗಿ ಹಾಸಿಗೆ ಆರಿಸುವವರು ಇದನ್ನು ನೆನಪಿಡಿ.

ಈಗ ಗಾದಿ. ಆರಡಿ ಮೂರಡಿಗೆ ನಾವು ಹತ್ತು, ಹನ್ನೊಂದು ಕೆಜಿ ತುಂಬುತ್ತೇವಲ್ಲ, ನಾನು ಹದಿಮೂರರ ಮೇಲೆ ತುಂಬಿದೆ. ಮಿಲ್ಲಿನ ವೇಸ್ಟ್ ಮುಟ್ಟಲಿಲ್ಲ. ಒರಟು ಎಳೆಯ ಜವಾರಿ ಹತ್ತಿ ಹುಡುಕಿ ತಂದೆ. ಅದು ಒತ್ತಿದರೆ ಮೇಲೇಳುತ್ತದೆ, ನುಣುಪು ಹತ್ತಿ ಹಾಗೇ ಕೂತುಬಿಡುತ್ತದೆ. ಹೆಚ್ಚಿನ ಹತ್ತಿಯನ್ನು ಎಲ್ಲ ಕಡೆ ಹರಡಲಿಲ್ಲ. ಹೊಕ್ಕುಳದಿಂದ ತೊಡೆಯ ಅರ್ಧದವರೆಗೆ, ಸುಮಾರು ಒಂದೂವರೆ ಅಡಿ ಪಟ್ಟಿಗೆ ಮಾತ್ರ ಹಾಕಿ, ಅಲ್ಲಿ ಕೋಲಿನಿಂದ ಇನ್ನಷ್ಟು ಬಡಿದು, ದಬ್ಬಣದ ಹೊಲಿಗೆಯನ್ನು ಹತ್ತಿರ ಹತ್ತಿರ ತಂದೆ. ಭುಜದ ಜಾಗ ಸಡಿಲ ಬಿಟ್ಟೆ. ಪಟ್ಟಿಯಲ್ಲಿ ಹಳೆಯ ಹತ್ತಿಗೆ ಹೊಸದನ್ನು ಎಷ್ಟು ಬೆರೆಸಿದೆ, ಪದರಗಳನ್ನು ಯಾವ ದಿಕ್ಕಿಗೆ ಹಾಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಕೆಳಗೆ ಎರಡಿಂಚು ನಾರಿನ ಹಾಳೆ, ಬೇರೆ ಕವರಿನಲ್ಲಿ. ಎರಡನ್ನೂ ಕೂಡಿಸಿ ಹೊಲಿಯಬೇಡಿ. ಹತ್ತಿಗೆ ಬಿಸಿಲು ಬೇಕು, ನಾರಿಗೆ ಹಾಕಿರುವ ರಬ್ಬರ್ ಬಿಸಿಲಿಗೆ ಹಾಳಾಗುತ್ತದೆ. ಮೊದಲ ಮಳೆಗಾಲದಲ್ಲಿ ಹತ್ತಿ ತೇವ ಎಳೆದು ಗಂಟು ಕಟ್ಟಿತು, ಪಟ್ಟಿಯನ್ನು ಬಿಚ್ಚಿ ಮತ್ತೆ ಹಿಂಜಿಸಿದೆ. ಹಿಂಜುವ ಕೂಲಿ, ಬಟ್ಟೆ, ದಾರ ಎಲ್ಲ ಸೇರಿ ಐದು ಸಾವಿರ ಚಿಲ್ಲರೆಗೆ ಮುಗಿದಿದೆ. ಪಟ್ಟಿ ನಟ್ಟನಡುವೆ ಬರುವಂತೆ ಅಳತೆ ಮಾಡಿದ್ದರಿಂದ ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿದರೂ ಸೊಂಟ ಅದರ ಮೇಲೇ ಬರುತ್ತದೆ. ಗುಂಡಿ ಬೀಳದಿರಲು ಅರ್ಧ ಕಾರಣ ಇದೇ.

ನಡುವೆ ಬೂರುಗದ ಹತ್ತಿಯನ್ನೂ ನೋಡಿದೆ. ಮೇಲು ಹಾಸಿಗೆ ಮಾಡಿ ಬೇಸಿಗೆಯಲ್ಲಿ ಮಲಗಿದರೆ ಬಲು ಹಗುರ, ತಂಪು. ಆದರೆ ಎಳೆ ಮುರಿದು ಪುಡಿಯಾಗುತ್ತದೆ, ಮತ್ತೆ ಹಿಂಜಲು ಬರುವುದಿಲ್ಲ. ಅದನ್ನು ಕಿತ್ತು ಮಂಡಿ ಕೆಳಗಿಡುವ ಉದ್ದ ದಿಂಬು ಮಾಡಿದೆ. ಅಂಗಾತ ಮಲಗುವಾಗ ಅದು ಇಲ್ಲದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಹೆಂಡತಿಗೆ ಮಾತ್ರ ನನ್ನ ಗಾದಿ ಹಲಗೆಯಾಯಿತು. ನಾನು ಎಂಬತ್ತನಾಲ್ಕು ಕೆಜಿ, ಅವಳು ಐವತ್ತರ ಮೇಲೆ ಚೂರು. ಅವಳಿಗೆ ಹತ್ತು ಕೆಜಿಯದು ಬೇರೆ ಮಾಡಿ, ಎರಡನ್ನೂ ಒಂದೇ ಚಾದರದ ಕೆಳಗೆ ಜೋಡಿಸಿದೆ. ಡಬಲ್ ಗಾದಿ ಕೇಳಿ ಬರುವ ಗಂಡ ಹೆಂಡತಿಗೆ ಈಗ ಇದನ್ನೇ ಹೊಲಿದುಕೊಡುತ್ತೇನೆ. ಒಂದಕ್ಕೆ ಎಂಟು ಸಾವಿರದ ಸುತ್ತ ತಗೊಳ್ಳುತ್ತೇನೆ, ತೂಕ ಕೇಳದೆ, ಮಂಚ ನೋಡದೆ ಆರ್ಡರ್ ಹಿಡಿಯುವುದಿಲ್ಲ. ನಡು ಬಾಗಿದ ಪ್ಲೈವುಡ್ ಇದ್ದರೆ ಮೊದಲು ಅದನ್ನು ಬದಲಿಸಿ ಎನ್ನುತ್ತೇನೆ. ಕಾಲಿಗೆ ಶಕ್ತಿ ಕಮ್ಮಿಯಾಗಿದೆ, ಮೂತ್ರದ ಹಿಡಿತ ತಪ್ಪುತ್ತಿದೆ ಎಂದವರನ್ನು ಅಳತೆಯನ್ನೂ ತಗೊಳ್ಳದೆ ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಬಾಮೈದ ಹೋದ ತಿಂಗಳು ತನ್ನ ತಾಯಿಗೆಂದು ಅಳತೆ ಕೊಟ್ಟು ಹೋಗಿದ್ದಾನೆ. ಜವಾರಿ ಹತ್ತಿ ಬಂದ ಮೇಲೆ ಕೈಹಚ್ಚಬೇಕು.